ಏಳನೇ ವಾರ್ಡಿನ ಪುರಾವೆ

9 ಫೆಬ್ರವರಿ 2001

ಪುಟ್ಟಿ,

ನಿನ್ನೆ ಫೋನಿನಲ್ಲಿ ನಾವಿಬ್ಬರೂ ಕಿತ್ತಾಡಿದ್ದನ್ನು ಬೂತಿನ ಹೊರಗೆ ಸಾಲು ನಿಂತಿದ್ದ ನಾಲ್ಕು ಜನ ಬಿಟ್ಟಿ ಕೇಳಿಸಿಕೊಂಡರು. ಹೊರಗೆ ಬಂದಾಗ ಒಬ್ಬ, "ಮಗಳಾ ಮೇಡಂ?" ಅಂದ. "ನಾದಿನಿ" ಅಂದೆ. "ಓಹೋ" ಅಂತ ರಾಗ ಎಳೆದ, ಎಲ್ಲಾ ಅರ್ಥವಾದವನ ಹಾಗೆ. ಹತ್ತು ವರ್ಷದವಳಿದ್ದಾಗಿನಿಂದ ನಿನ್ನ ಮೂಗು ಒರೆಸಿದವಳು, ನರ್ಸಿಂಗ್ ಶಾಲೆಯ ಬಾಗಿಲಿನವರೆಗೆ ಕೈಹಿಡಿದು ಎಳೆದುಕೊಂಡು ಹೋದವಳು ನಾನೇ ಎಂದು ಅವನಿಗೇನು ಗೊತ್ತು? ಇನ್ನು ಮೇಲೆ ಕಾಗದವೇ ವಾಸಿ. ಕಾಗದದಲ್ಲಿ ನೀನು ನಡುವೆ ಬಾಯಿ ಹಾಕಲಾರೆ.

ನಿನ್ನ ಹನ್ನೊಂದು ಪ್ರಶ್ನೆಯ ಹಾಳೆ ತಲುಪಿತು. ದಿನಾ ಬೆಳಿಗ್ಗೆ ನರ್ಸ್ ಒಬ್ಬಳು ಪ್ರತಿ ರೋಗಿಯ ಹತ್ತಿರ ಕೂತು ಕೇಳಬೇಕು, ಉತ್ತರಕ್ಕೆ ಅಂಕ ಹಾಕಬೇಕು, ಆರು ದಾಟಿದರೆ ಆ ರೋಗಿ ಕೆರಳುವ ಮೊದಲೇ ಪಕ್ಕದ ಕೋಣೆಗೆ ಕರೆದೊಯ್ದು ಜೊತೆಗಿರಬೇಕು, ಡಾಕ್ಟರನ್ನು ಕರೆಸಬೇಕು. ಕೈಕಾಲು ಕಟ್ಟುವ ಗತಿ ಬರಬಾರದು. ಇಷ್ಟೇ ತಾನೆ? ಕೋಪದಲ್ಲಿ ಏನೇನೋ ಅಂದೆ, ಮನಸ್ಸಿಗೆ ಹಚ್ಚಿಕೊಳ್ಳಬೇಡ. ಹೋದ ತಿಂಗಳು ನನ್ನ ವಾರ್ಡಿನಲ್ಲಿ ಇಪ್ಪತ್ತೇಳು ಸಲ ಕಟ್ಟಿದ್ದೇವೆ. ರಿಜಿಸ್ಟರಿನಲ್ಲಿ ಇಪ್ಪತ್ತೇಳು ಕಡೆ ನನ್ನ ಸಹಿ ಇದೆ. ಅದು ಕಡಿಮೆಯಾಗುವುದಾದರೆ ಹನ್ನೊಂದಲ್ಲ, ನೂರಾಹನ್ನೊಂದು ಪ್ರಶ್ನೆ ಕೇಳುತ್ತೇನೆ.

ನಮ್ಮ ಏಳನೇ ವಾರ್ಡನ್ನು ನೀನು ಮರೆತಿರಲಾರೆ. ಮೂವತ್ತೆರಡು ಮಂಚ, ಎಲ್ಲಾ ಮನೋರೋಗದ ಹೆಂಗಸರು. ಆಯಮ್ಮ ಈಗಲೂ ಬೆಳಿಗ್ಗೆ ಏಳಕ್ಕೆ ಕಿಟಕಿಯ ಹತ್ತಿರ ಸ್ಟೂಲ್ ಹಾಕಿಕೊಂಡು ಒಬ್ಬೊಬ್ಬರನ್ನೇ ಕೂರಿಸಿ ತಲೆ ಬಾಚುತ್ತಾಳೆ, ಹೇನು ನೋಡುತ್ತಾಳೆ, ಬಾಯಿ ತುಂಬಾ ಬೈಯುತ್ತಾಳೆ. ನೀನು ಹೋದಮೇಲೆ ಬಂದ ರೋಗಿ ಒಬ್ಬಳಿದ್ದಾಳೆ, ಎಲ್ಲರೂ ಅವಳನ್ನು ಟೈಲರ್ ಎನ್ನುತ್ತಾರೆ. ಹೊಲಿಗೆ ಕೋಣೆಯಲ್ಲಿ ಕೂತಳೆಂದರೆ ಇಡೀ ಆಸ್ಪತ್ರೆಯ ಹರಿದ ಹೊದಿಕೆ, ಕೋಟು, ದಿಂಬು ಎಲ್ಲಾ ಸರಿಯಾಗುತ್ತವೆ. ಅವಳ ಅಣ್ಣನದು ಬಟ್ಟೆ ಹೊಲಿಯುವ ಅಂಗಡಿ. ಮೇಲುಗಡೆ ಕೋಣೆ ಕಟ್ಟಿಸಿದ ಮೇಲೆ ಕರೆದುಕೊಂಡು ಹೋಗುತ್ತೇನೆ ಎಂದಿದ್ದಾನೆ. ಅವಳು ಅದೇ ಧ್ಯಾನದಲ್ಲಿದ್ದಾಳೆ.

ನಿಮ್ಮಣ್ಣ ಚೆನ್ನಾಗಿದ್ದಾರೆ. ಗ್ಯಾರೇಜಿನಿಂದ ಬಂದು ಗ್ರೀಸ್ ಕೈಯಲ್ಲೇ ನಿನ್ನ ಹಾಳೆ ಮುಟ್ಟಿ ನನ್ನ ಹತ್ತಿರ ಬೈಸಿಕೊಂಡರು.

ನಿನ್ನ ಅತ್ತಿಗೆ


21 ಫೆಬ್ರವರಿ 2001

ಪ್ರೀತಿಯ ಅತ್ತಿಗೆ,

ನಿಮ್ಮ ಕಾಗದ ಕೈಗೆ ಬಂದಾಗ ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. ಒಟ್ಟು ಆರು ವಾರ್ಡುಗಳು ಒಪ್ಪಿವೆ. ನಿಮ್ಮದು ಬರದಿದ್ದರೆ ನನಗೆ ಉಳಿದ ಐದೂ ಬೇಡವಾಗುತ್ತಿದ್ದವು. ಉತ್ಪ್ರೇಕ್ಷೆಯಲ್ಲ. ನರ್ಸ್ ಎಂದರೆ ಹೇಗಿರಬೇಕು ಎಂದು ನಾನು ಕಲಿತದ್ದು ಆ ವಾರ್ಡಿನಲ್ಲಿಯೇ.

ಒಂದೆರಡು ಮಾತು. ಪ್ರಶ್ನೆಗಳನ್ನು ನರ್ಸೇ ಕೇಳಬೇಕು, ಬೇರೆ ಯಾರೂ ಅಲ್ಲ. ಪದ ಬದಲಿಸಬಾರದು. ರೋಗಿ ಏನು ಹೇಳುತ್ತಾಳೋ ಅದಕ್ಕಷ್ಟೇ ಅಂಕ, ನಮ್ಮ ಊಹೆಗಲ್ಲ. ನಮ್ಮ ಪ್ರೊಫೆಸರ್ ಇದರಲ್ಲಿ ಬಹಳ ಕಟ್ಟುನಿಟ್ಟು. "ಇಪ್ಪತ್ತು ವರ್ಷದ ಅನುಭವ ಅಂದ್ರೆ ಒಂದೇ ತಪ್ಪನ್ನ ಇಪ್ಪತ್ತು ವರ್ಷ ಮಾಡಿರಬಹುದು, ಪುರಾವೆ ತನ್ನಿ" ಎನ್ನುವುದು ಅವರ ಮಾತು. ಮೊದಲು ಕೇಳಿದಾಗ ನನಗೂ ಸಿಟ್ಟು ಬಂದಿತ್ತು. ಆದರೆ ಯೋಚಿಸಿ ನೋಡಿ, ಯಾವ ಪುರಾವೆಯೂ ಇಲ್ಲದೆ ನಾವು ಎಷ್ಟು ಜನರ ಕೈಕಾಲು ಕಟ್ಟಿದ್ದೇವೆ!

ಪ್ರತಿ ತಿಂಗಳು ಹಾಳೆಗಳನ್ನೂ ಕಟ್ಟಿದ ರಿಜಿಸ್ಟರಿನ ನಕಲನ್ನೂ ಕಳಿಸಿ. ಅಣ್ಣನಿಗೆ ಸೋಪು ಹಚ್ಚಿ ಕೈ ತೊಳೆಯಲು ಹೇಳಿ.

ನಿಮ್ಮ ಪುಟ್ಟಿ


2 ಏಪ್ರಿಲ್ 2001

ಪುಟ್ಟಿ,

ಮಾರ್ಚ್ ತಿಂಗಳ ಹಾಳೆ ಕಳಿಸಿದ್ದೇನೆ. ಕಟ್ಟಿದ್ದು ಒಂಬತ್ತೇ ಸಲ. ಇಪ್ಪತ್ತೇಳು ಎಲ್ಲಿ, ಒಂಬತ್ತು ಎಲ್ಲಿ! ಡಾಕ್ಟರ್ ರೌಂಡ್ಸಿಗೆ ಬಂದವರು ರಿಜಿಸ್ಟರ್ ತಿರುಗಿಸಿ ನೋಡಿ, "ಬರೆಯೋದು ಮರೆತಿದ್ದೀರಾ ಸಿಸ್ಟರ್?" ಅಂತ ಕೇಳಿದರು. ಒಳಗೊಳಗೇ ಹಿಗ್ಗಿದೆ.

ಆದರೆ ನಿನ್ನ ಪ್ರಶ್ನೆಗಳಿದ್ದಾವಲ್ಲ, ದೇವರಿಗೇ ಪ್ರೀತಿ. "ಈ ದಿನ ನಿಮಗೆ ಯಾರ ಮೇಲಾದರೂ ಕೋಪವಿದೆಯೇ?" ಅಂತ ಬಿಳಿ ಯೂನಿಫಾರ್ಮ್ ತೊಟ್ಟುಕೊಂಡು ಪೆನ್ನು ಹಿಡಿದು ಕೇಳಿದರೆ ಹೌದು ಅನ್ನುವ ಗಟ್ಟಿಗಿತ್ತಿ ಯಾರು? ಟೈಲರ್ ಮುಖಕ್ಕೆ ಹೊಡೆದ ಹಾಗೆ ಅಂದಳು, "ಹೌದು ಅಂದ್ರೆ ಸೂಜಿ ಚುಚ್ಚೋದು ನೀವೇ ಅಲ್ವಾ ಸಿಸ್ಟರ್?" ಮೊದಲ ವಾರ ಮೂವತ್ತೆರಡು ಜನರಿಗೂ ಸೊನ್ನೆ, ಒಂದು, ಎರಡು ಅಷ್ಟೇ. ಸೊನ್ನೆ ಬಂದವಳು ಮಧ್ಯಾಹ್ನಕ್ಕೆ ತಟ್ಟೆ ಎಸೆದಳು.

ಆಮೇಲೆ ನಾನು ಏನು ಮಾಡಿದೆ ಗೊತ್ತಾ? ಆಯಮ್ಮನ ಸ್ಟೂಲಿನ ಪಕ್ಕ ಹಾಳೆ ಹಿಡಿದು ನಿಂತೆ. ಬಾಚಿಸಿಕೊಳ್ಳುವಾಗ ಬೆನ್ನು ತಿರುಗಿಸಿ ಕೂತಿರುತ್ತಾರಲ್ಲ, ಮುಖ ನೋಡುವ ಹಾಗಿಲ್ಲ, ಎಲ್ಲಾ ಹೊರಗೆ ಬರುತ್ತದೆ. ಮಾತು ಬರದಿದ್ದರೂ ಆಯಮ್ಮನಿಗೆ ಗೊತ್ತಾಗುತ್ತದೆ. ಕುತ್ತಿಗೆ ಬಿಗಿಯಾಗಿದೆಯಾ, ಕೂದಲು ಮುಟ್ಟಿದರೆ ಬೆಚ್ಚುತ್ತಾಳಾ, ರಾತ್ರಿಯೆಲ್ಲಾ ಹೊರಳಾಡಿ ಗಂಟು ಹಾಕಿಕೊಂಡಿದ್ದಾಳಾ ಅಂತ. "ಇವಳಿಗೆ ಏಳು ಹಾಕಿ ಸಿಸ್ಟರ್. ಆ ಮೂಲೆಯವಳು ಇವತ್ತು ಒಂಚೂರು ಜಾಸ್ತೀನೇ, ಎಂಟು ಹಾಕಿ" ಅನ್ನುತ್ತಾಳೆ, ತರಕಾರಿ ತೂಗಿಸಿದ ಹಾಗೆ. ನಾನು ಹಾಕುತ್ತೇನೆ. ಈಗ ನಮ್ಮ ಉಳಿದ ಸಿಸ್ಟರುಗಳೂ ಹಾಗೇ ಮಾಡುತ್ತಾರೆ. ನಿಮ್ಮ ಪ್ರೊಫೆಸರಿಗೆ ಹೇಳು, ಹನ್ನೆರಡನೇ ಪ್ರಶ್ನೆ ಸೇರಿಸಲಿ: ಆಯಮ್ಮ ಏನಂತಾಳೆ?

ನಗಬೇಡ. ನಕ್ಕರೂ ಪರವಾಗಿಲ್ಲ, ಕಟ್ಟುವುದು ಕಡಿಮೆಯಾಯಿತಲ್ಲ.

ಅತ್ತಿಗೆ


15 ಏಪ್ರಿಲ್ 2001

ಪ್ರೀತಿಯ ಅತ್ತಿಗೆ,

ಆಯಮ್ಮನ ತಮಾಷೆ ಓದಿ ನಕ್ಕೆ. ಒಂಬತ್ತು ಎನ್ನುವ ಸಂಖ್ಯೆ ನೋಡಿ ಪ್ರೊಫೆಸರ್ ಕುರ್ಚಿಯಿಂದ ಎದ್ದು ನಿಂತರು. ಉಳಿದ ಐದು ವಾರ್ಡುಗಳಲ್ಲಿ ಇಳಿದಿರುವುದು ಅಷ್ಟಕ್ಕಷ್ಟೇ.

ಇನ್ನು ಮುಂದೆ ಹಾಳೆಯ ಜೊತೆಗೆ ವಿವರ ಬರೆಯುವ ಶ್ರಮ ತೆಗೆದುಕೊಳ್ಳಬೇಡಿ. ನಿಮಗೆ ಮೊದಲೇ ಕೈತುಂಬಾ ಕೆಲಸ. ಅಂಕಗಳಷ್ಟೇ ಸಾಕು.

ನಿಮ್ಮ ಪುಟ್ಟಿ


11 ನವೆಂಬರ್ 2001

ಪುಟ್ಟಿ,

ಇದು ಹಾಳೆಗಳ ಕೊನೆಯ ಕಟ್ಟು. ಅಕ್ಟೋಬರಿನಲ್ಲಿ ಕಟ್ಟಿದ್ದು ನಾಲ್ಕು ಸಲ. ವಿವರ ಬೇಡ ಅಂದಿದ್ದೀಯ, ಬರೆಯುವುದಿಲ್ಲ. ಆದರೂ ಒಂದು ಹೇಳದೆ ಹೋದರೆ ಹೊಟ್ಟೆ ಉಬ್ಬುತ್ತದೆ. ಟೈಲರ್ ಎಂಟು ತಿಂಗಳಿನಿಂದ ಒಂದು ಸಲವೂ ಕೈ ಕಟ್ಟಿಸಿಕೊಂಡಿಲ್ಲ. ನನಗೆ ಒಂದು ಕೋಟು ಹೊಲಿದುಕೊಟ್ಟಿದ್ದಾಳೆ. ಭುಜದ ಹತ್ತಿರ ಎಷ್ಟು ನೀಟು ಅಂತೀಯ, ಹಾಕಿಕೊಂಡರೆ ನಿಮ್ಮಣ್ಣನೇ "ಯಾರಿದು?" ಅಂದರು. ಅವಳ ಅಣ್ಣ ಕೋಣೆಗೆ ಗೋಡೆ ಎಬ್ಬಿಸಿದ್ದಾನಂತೆ.

ನೀನು ಬರದೆ ಎರಡು ವರ್ಷವಾಯಿತು. ನಿನ್ನ ಕೋಣೆಯ ಕಿಟಕಿಗೆ ಹೊಸ ಚಿಲಕ ಹಾಕಿಸಿದ್ದೇನೆ.

ಅತ್ತಿಗೆ


18 ಜೂನ್ 2002

ಪ್ರೀತಿಯ ಅತ್ತಿಗೆ,

ಪ್ರಬಂಧ ಅಚ್ಚಾಯಿತು! ಒಂದು ಪ್ರತಿ ಕಳಿಸಿದ್ದೇನೆ. ನಾಲ್ಕನೇ ಪುಟದ ಕೋಷ್ಟಕದಲ್ಲಿ "ವಾರ್ಡ್ ಏಳು" ಎಂದಿರುವುದು ನೀವು. ಹೆಸರು ಹಾಕುವಂತಿಲ್ಲ, ಅದು ನಿಯಮ. ಕಳೆದ ವಾರ ದೊಡ್ಡ ಸಭೆಯಲ್ಲಿ ಇದನ್ನು ಓದಿದೆ. ಓದಿ ಮುಗಿಸಿದಾಗ ಆರೋಗ್ಯ ಇಲಾಖೆಯವರು ಬಂದು ಕೈ ಕುಲುಕಿದರು. ಎಲ್ಲಾ ಆಸ್ಪತ್ರೆಗಳಿಗೂ ಈ ಹಾಳೆ ಬರಲಿದೆಯಂತೆ. ನನಗೆ ಇಲ್ಲೇ ಪಾಠ ಹೇಳುವ ಕೆಲಸ ಖಾಯಂ ಆಗಿದೆ.

ಅತ್ತಿಗೆ, ನರ್ಸುಗಳ ಮಾತನ್ನು ಯಾರಾದರೂ ಇಷ್ಟು ಗಂಭೀರವಾಗಿ ಕೇಳಿದ್ದು ಇದೇ ಮೊದಲು. ಡಾಕ್ಟರುಗಳು ಬರೆದುಕೊಳ್ಳುತ್ತಿದ್ದರು! ಆ ಹೊತ್ತಿನಲ್ಲಿ ನೀವು ಅಲ್ಲಿರಬೇಕಿತ್ತು ಅನಿಸಿ ಅಳು ಬಂತು.

ನಿಮ್ಮ ಪುಟ್ಟಿ


30 ಆಗಸ್ಟ್ 2002

ಪುಟ್ಟಿ,

ನಿನ್ನ ಪ್ರಬಂಧ ಓದಿದೆ. ಎರಡು ಸಲ ಓದಿದೆ. ಅರ್ಧ ತಲೆಗೆ ಹೋಗಲಿಲ್ಲ, ಹೋದ ಅರ್ಧದಲ್ಲಿ ಆಯಮ್ಮ ಎಲ್ಲೂ ಸಿಗಲಿಲ್ಲ. ಇರಲಿ, ನೀನು ಅದನ್ನು ತಮಾಷೆ ಅಂದುಕೊಂಡೆಯೇನೋ. ನಾನೂ ನಗುನಗುತ್ತಲೇ ಬರೆದಿದ್ದೆ, ತಪ್ಪು ನನ್ನದೂ ಇದೆ. ಈಗ ನಗದೆ ಬರೆಯುತ್ತಿದ್ದೇನೆ, ಕೇಳು.

ಹೋದ ವಾರ ಆದೇಶ ಬಂತು. ಹಾಳೆ ಇರುವ ವಾರ್ಡುಗಳಲ್ಲಿ ಗಲಾಟೆ ಕಡಿಮೆಯಾಗುವುದು ಸಾಬೀತಾಗಿದೆಯಂತೆ. ಹಾಗಾಗಿ ಪಾಳಿಗೆ ಐದು ಜನ ಸಿಸ್ಟರುಗಳು ಬೇಡ, ಮೂರು ಸಾಕಂತೆ. ನನ್ನ ಪಾಳಿಯ ಮೂವರಲ್ಲಿ ಒಬ್ಬಳು ಹೊಸದಾಗಿ ಬಂದ ಹುಡುಗಿ. ತರಬೇತಿ ಇಲ್ಲದವರು ರೋಗಿಗಳನ್ನು ಮುಟ್ಟುವಂತಿಲ್ಲವಂತೆ. ಆಯಮ್ಮನನ್ನು ಬಟ್ಟೆ ಒಗೆಯುವ ವಿಭಾಗಕ್ಕೆ ಹಾಕಿದರು. ಆದೇಶದ ಕೆಳಗೆ ಆಧಾರ ಅಂತ ನಿನ್ನ ಪ್ರಬಂಧದ ಹೆಸರು. ಸ್ಟೂಲು ಸ್ಟೋರಿಗೆ ಹೋಯಿತು. ಆಯಮ್ಮ ಹೋಗುವಾಗ ನನ್ನನ್ನು ಕೇಳಿದಳು, "ನಾನೇನ್ ತಪ್ಪು ಮಾಡ್ದೆ ಸಿಸ್ಟರ್?" ಅವಳ ಬಾಚಣಿಗೆ ಹುಡುಕಿ ಕೈಗಿಟ್ಟೆ.

ನೀನು ಇಲಾಖೆಗೆ ಒಂದು ಸಾಲು ಬರೆ. ಏಳನೇ ವಾರ್ಡಿನಲ್ಲಿ ಅಂಕ ಹೇಳಿದ್ದು ಆಯಮ್ಮ, ಹಾಳೆ ಬರೀ ಬರೆದುಕೊಳ್ಳಲು ಇತ್ತು ಅಂತ. ನಿನ್ನ ಮಾತು ಕೇಳುತ್ತಾರೆ. ನನ್ನ ಮಾತನ್ನು ಸೂಪರಿಂಟೆಂಡೆಂಟರೇ ಕೇಳುವುದಿಲ್ಲ.

ಅತ್ತಿಗೆ


20 ಸೆಪ್ಟೆಂಬರ್ 2002

ಪ್ರೀತಿಯ ಅತ್ತಿಗೆ,

ಉತ್ತರ ತಡವಾಯಿತು, ಪರೀಕ್ಷೆಗಳಿದ್ದವು. ಸಿಬ್ಬಂದಿ ಕಡಿಮೆ ಮಾಡಿ ಎಂದು ನಾನು ಎಲ್ಲೂ ಬರೆದಿಲ್ಲ. ಅದು ಇಲಾಖೆಯವರು ತೆಗೆದ ಅರ್ಥ. ನನಗೂ ಬೇಸರವಾಗಿದೆ.

ಆದರೆ ಆಯಮ್ಮನ ವಿಷಯ ಅಷ್ಟು ಸರಳವಲ್ಲ. ಒಬ್ಬ ವ್ಯಕ್ತಿಯ ಕೈಗುಣವನ್ನು ಅಳೆಯಲು ಬರುವುದಿಲ್ಲ, ಇನ್ನೊಂದು ಆಸ್ಪತ್ರೆಗೆ ಕಲಿಸಲು ಬರುವುದಿಲ್ಲ. ಹಾಳೆಯನ್ನಾದರೆ ಎಲ್ಲಿಗೆ ಬೇಕಾದರೂ ಕಳಿಸಬಹುದು. ಇನ್ನೂ ಸ್ವಲ್ಪ ದಿನ ನೋಡಿ. ಹೊಸ ಸಿಸ್ಟರುಗಳಿಗೆ ಅಭ್ಯಾಸವಾಗಲಿ.

ಪುಟ್ಟಿ


4 ಡಿಸೆಂಬರ್ 2002

ಪುಟ್ಟಿ,

ಟೈಲರಿಗೆ ಹೀಗಾಯಿತು. ಸೋಮವಾರ ಮಧ್ಯಾಹ್ನ ಹೊಲಿಗೆ ಕೋಣೆಯ ಗಾಜು ಒಡೆದಳು. ಕೈ ಕಟ್ಟಲಾಯಿತು. ಬಿಚ್ಚಿದಾಗ ಬಲಗೈ ಮಣಿಕಟ್ಟಿನಿಂದ ಕೆಳಗೆ ಜೋತುಬಿದ್ದಿತ್ತು, ಬೆರಳು ಮೇಲೇಳುತ್ತಿಲ್ಲ. ನರ ಒತ್ತಿಹೋಗಿದೆ, ಬರಬಹುದು, ಬರದೆಯೂ ಇರಬಹುದು ಅಂತ ಡಾಕ್ಟರ್ ಹೇಳಿದರು. ವಿಚಾರಣೆ ಮಾಡುತ್ತಾರಂತೆ.

ಅವಳ ಅಣ್ಣ ಅವತ್ತೇ ನಾಲ್ಕು ಗಂಟೆಗೆ ಕರೆದೊಯ್ಯಲು ಬರುವವನಿದ್ದ. ಬಂದ. ಕೈ ನೋಡಿದ. ಹೋದ.

ಹೆಚ್ಚು ಬರೆಯಲಾರೆ.

ಅತ್ತಿಗೆ


13 ಡಿಸೆಂಬರ್ 2002

ಪ್ರೀತಿಯ ಅತ್ತಿಗೆ,

ಕಾಗದ ಬಂತು. ನಿಮ್ಮ ಮನಸ್ಸು ಎಷ್ಟು ನೊಂದಿದೆಯೋ ಊಹಿಸಬಲ್ಲೆ. ಆ ಕೋಟಿನ ಸಂಗತಿ ಎಷ್ಟು ಸಂಭ್ರಮದಿಂದ ಬರೆದಿದ್ದಿರಿ.

ವಿಚಾರಣಾ ಸಮಿತಿಯವರು ಪರಿಣತರ ಅಭಿಪ್ರಾಯ ಬೇಕೆಂದು ನನ್ನನ್ನೇ ಕೇಳಿದ್ದಾರೆ. ನಮ್ಮ ಸಂಬಂಧವನ್ನು ಹೇಳಬೇಕಿತ್ತು, ಹೇಳಲಿಲ್ಲ. ಹೇಳಿದ್ದರೆ ನಿಮ್ಮ ವಾರ್ಡಿನ ಪರ ನಿಲ್ಲಲು ನನಗೆ ಅವಕಾಶ ಸಿಗುತ್ತಿರಲಿಲ್ಲ. ಅವರು ಕಳಿಸಿದ ಹಾಳೆಯಲ್ಲಿ ಅವತ್ತು ಬೆಳಿಗ್ಗೆ ಅವಳ ಅಂಕ ಎರಡು ಎಂದಿದೆ. ಕಟ್ಟಿದವರ ಹೆಸರನ್ನು ಮರೆಮಾಡಿದ್ದಾರೆ. ಹೊಸದಾಗಿ ಬಂದಿದ್ದಾಳೆ ಎಂದಿದ್ದಿರಲ್ಲ, ಆ ಹುಡುಗಿಯೇ ಇರಬೇಕು. ನೀವಿದ್ದಿದ್ದರೆ ಹೀಗಾಗುತ್ತಿರಲಿಲ್ಲ.

ಅಭಿಪ್ರಾಯ ಬರೆದು ನಿನ್ನೆಯೇ ಕಳಿಸಿದೆ. ಎರಡು ಅಂಕ ಬಂದವಳನ್ನು ಕಟ್ಟಿದ್ದಕ್ಕೂ, ಅರ್ಧ ಗಂಟೆಗೊಮ್ಮೆ ಸಡಿಲಿಸಿ ಬೆರಳು ನೋಡದಿದ್ದಕ್ಕೂ ವ್ಯವಸ್ಥೆ ಕಾರಣವಲ್ಲ, ಕಟ್ಟಿದವರ ವೈಯಕ್ತಿಕ ನಿರ್ಲಕ್ಷ್ಯವೇ ಕಾರಣ, ಅಂಥವರು ಈ ವೃತ್ತಿಯಲ್ಲಿ ಮುಂದುವರಿಯಬಾರದು ಎಂದು. ಖಾರವಾಯಿತೇನೋ. ಆದರೆ ಟೈಲರಿಗಾಗಿ ಅಷ್ಟಾದರೂ ಮಾಡಬೇಕಲ್ಲ. ನೀವು ಕರಗಿ ಆ ಹುಡುಗಿಯ ಮೇಲೆ ಕನಿಕರ ತೋರಿಸಬೇಡಿ.

ನಿಮ್ಮ ಪುಟ್ಟಿ


19 ಡಿಸೆಂಬರ್ 2002

ಪುಟ್ಟಿ,

ಕಟ್ಟಿದವಳು ನಾನು.

ಹೋದ ಕಾಗದದಲ್ಲಿ "ಕಟ್ಟಲಾಯಿತು" ಅಂತ ಬರೆದೆ ನೋಡು, ಮೂವತ್ತು ವರ್ಷದಲ್ಲಿ ಮೊದಲ ಸಲ ಹಾಗೆ ಕಳ್ಳಿಯ ಹಾಗೆ ಬರೆದದ್ದು. ಆ ಹುಡುಗಿ ಪಾಪ, ಏನೂ ಮಾಡಿಲ್ಲ. ಅವಳು ಮಾಡಿದ್ದೆಲ್ಲಾ ನೀನು ಹೇಳಿದ ಹಾಗೇ. ಬೆಳಿಗ್ಗೆ ಟೈಲರಿನ ಮುಂದೆ ಕೂತು ಹನ್ನೊಂದೂ ಕೇಳಿದಳು, ಒಂದು ಪದ ಬದಲಿಸಲಿಲ್ಲ. ನಿದ್ದೆ ಬಂತಾ? ಬಂತು. ಕೋಪ ಇದೆಯಾ? ಇಲ್ಲ. ಭಯ? ಇಲ್ಲ. ಈಗ ಎಲ್ಲರಿಗೂ ನಿನ್ನ ಪ್ರಶ್ನೆಗಳು ಬಾಯಿಪಾಠ ಪುಟ್ಟಿ. ಆರು ದಾಟಿದರೆ ಮನೆಗೆ ಹೋಗುವುದು ಮುಂದಕ್ಕೆ ಹೋಗುತ್ತದೆ ಅಂತ ಎಲ್ಲರಿಗೂ ಗೊತ್ತು.

ಅಣ್ಣನ ಮನೆಗೆ ಹೋಗುವುದಕ್ಕೆ ಅವಳಿಗೆ ಎಷ್ಟು ಆಸೆಯಿತ್ತೋ ಅಷ್ಟೇ ಭಯವೂ ಇತ್ತು. ಅದು ಹಾಳೆಯಲ್ಲಿ ಬರಲಿಲ್ಲ. ಅವತ್ತು ಬೆಳಿಗ್ಗೆ ಆಯಮ್ಮ ಒಗೆದ ಹೊದಿಕೆಗಳ ಗಾಡಿ ತಳ್ಳಿಕೊಂಡು ಬಾಗಿಲಿನವರೆಗೆ ಬಂದವಳು ಒಳಗೆ ಇಣುಕಿ, "ಟೈಲರಮ್ಮ ಎರಡು ದಿನದಿಂದ ಜಡೆ ಹಾಕ್ಕೊಂಡಿಲ್ಲ, ಒಂಚೂರು ನೋಡ್ಕೊಳ್ಳಿ" ಅಂದಳಂತೆ. "ನೀವು ಇಲ್ಲಿಗೆ ಬರೋ ಹಾಗಿಲ್ಲ ಅಮ್ಮಾ" ಅಂತ ಹುಡುಗಿ ಕಳಿಸಿಬಿಟ್ಟಳು. ಆದೇಶ ಹಾಗೇ ಇದೆ. ನಾನು ಆಗ ಔಷಧದ ಕೋಣೆಯಲ್ಲಿದ್ದೆ.

ಹನ್ನೆರಡೂವರೆಗೆ ಗಾಜು ಒಡೆಯಿತು. ಮೂವರಲ್ಲಿ ಒಬ್ಬಳು ರಜೆ. ಇದ್ದವರು ನಾನು ಮತ್ತು ಆ ಹುಡುಗಿ. ಟೈಲರಿನ ಕೈಯಲ್ಲಿ ಗಾಜಿನ ಚೂರು, ಸುತ್ತ ಹತ್ತು ಹನ್ನೆರಡು ಜನ. ಮಾತಾಡಿಸಿ ಚೂರು ಇಸಕೊಂಡೆ. ಆಮೇಲೆ ಜೊತೆಗೆ ಕೂರಬೇಕಿತ್ತು. ಅವಳು ಕೂಡ "ಸಿಸ್ಟರ್, ಕಟ್ಟಬೇಡಿ, ಪಕ್ಕದಲ್ಲಿ ಕೂತ್ಕೊಳ್ಳಿ ಸಾಕು" ಅಂತ ಕೈ ಮುಗಿದಳು. ಕೂರಲು ಜನವೆಲ್ಲಿ? ಕಟ್ಟಿದೆ. ಐದು ನಿಮಿಷದಲ್ಲಿ ಹದಿನಾಲ್ಕನೇ ಮಂಚದವಳಿಗೆ ಫಿಟ್ಸ್ ಬಂತು, ನಿಲ್ಲಲೇ ಇಲ್ಲ. ಅವಳನ್ನು ಉಳಿಸಿ, ಆಂಬುಲೆನ್ಸಿಗೆ ಹತ್ತಿಸಿ ತಿರುಗಿ ಬಂದಾಗ ಮೂರೂಮುಕ್ಕಾಲು. ಅಷ್ಟು ಹೊತ್ತೂ ಟೈಲರ್ ನನ್ನನ್ನೇ ಕೂಗುತ್ತಿದ್ದಳಂತೆ, ಆಮೇಲೆ ಸುಮ್ಮನಾದಳಂತೆ. ಸುಮ್ಮನಾದಳು, ಸಮಾಧಾನವಾಯಿತು ಅಂದುಕೊಂಡಳಂತೆ ಹುಡುಗಿ.

ನೀನು ಬರೆದದ್ದು ಸರಿಯಾಗಿಯೇ ಇದೆ. ಅಂಥವಳು ಈ ವೃತ್ತಿಯಲ್ಲಿ ಇರಬಾರದು. ನಾನು ತಪ್ಪಿಸಿಕೊಳ್ಳಲು ಹೋಗುವುದಿಲ್ಲ. ಆದರೆ ಒಬ್ಬಳೇ ಗುಂಡಿಗೆ ಬೀಳುವುದೂ ಇಲ್ಲ. ಸಮಿತಿಗೆ ಕೊಡಲು ಹೇಳಿಕೆ ಬರೆದಿದ್ದೇನೆ, ನಕಲು ಇದರ ಜೊತೆಗಿದೆ. ಎಂಟು ತಿಂಗಳು ಏಳನೇ ವಾರ್ಡಿನ ಒಂದೊಂದು ಅಂಕವನ್ನೂ ಆಯಮ್ಮನನ್ನು ಕೇಳಿ ಹಾಕಿದ್ದು, ಮೊದಲ ವಾರ ಬಿಟ್ಟರೆ ರೋಗಿಗಳನ್ನು ಕೇಳಲೇ ಇಲ್ಲ ಅಂತ ಬರೆದಿದ್ದೇನೆ. ನಿನಗೆ ತಿಳಿಸಿದ್ದೆ ಅಂತ ಬರೆದಿಲ್ಲ. ಅದನ್ನು ನೀನೇ ಹೇಳು. ಜನವರಿ ಐದರವರೆಗೆ ಕಾಯುತ್ತೇನೆ. ನೀನು ಮೊದಲು ಹೇಳಿದರೆ ಅದಕ್ಕೆ ತೂಕ ಬರುತ್ತದೆ, ಆಯಮ್ಮಂದಿರು ವಾಪಸು ಬರುತ್ತಾರೆ.

ಅತ್ತಿಗೆ


29 ಡಿಸೆಂಬರ್ 2002

ಅತ್ತಿಗೆ,

ಕಾಲಿಗೆ ಬೀಳುತ್ತೇನೆ, ಅದನ್ನು ಕೊಡಬೇಡಿ.

ಅಭಿಪ್ರಾಯ ಬರೆಯುವಾಗ ನೀವೆಂದು ಗೊತ್ತಿದ್ದರೆ ಆ ಸಾಲು ಬರೆಯುತ್ತಿದ್ದೆನೇ? ನೀವೇಕೆ ಮೊದಲೇ ಹೇಳಲಿಲ್ಲ? ಒಂದೇ ಒಂದು ಪದ ಬರೆದಿದ್ದರೆ ಸಾಕಿತ್ತು. ಈಗ ವಾಪಸು ತೆಗೆದುಕೊಂಡರೆ ಯಾಕೆ ಎಂದು ಕೇಳುತ್ತಾರೆ, ಸಂಬಂಧ ಹೊರಬೀಳುತ್ತದೆ.

ಇನ್ನೊಂದು ಮಾತನ್ನು ನಿಮ್ಮಿಂದ ಮುಚ್ಚಿಟ್ಟು ಸಾಕಾಗಿದೆ. ಆಯಮ್ಮನ ವಿಷಯ ನನಗೆ ತಮಾಷೆ ಅನಿಸಿರಲಿಲ್ಲ. ಏಪ್ರಿಲಿನ ಆ ಕಾಗದ ಓದಿದ ಕ್ಷಣದಲ್ಲಿಯೇ ಅರ್ಥವಾಯಿತು. ಪ್ರೊಫೆಸರಿಗೆ ತೋರಿಸಲು ಅವರ ಕೋಣೆಯ ಬಾಗಿಲವರೆಗೂ ಹೋದೆ. ಒಳಗಿನಿಂದ ಅವರು ನಗುನಗುತ್ತಾ ಯಾರಿಗೋ ಫೋನಿನಲ್ಲಿ "ಒಂಬತ್ತು! ಒಂಬತ್ತು!" ಎನ್ನುತ್ತಿದ್ದರು. ವಾಪಸು ಬಂದೆ. ವಿವರ ಬರೆಯಬೇಡಿ ಎಂದು ನಿಮಗೆ ಬರೆದದ್ದು ಅವತ್ತೇ ಸಂಜೆ.

ನನ್ನನ್ನು ಕೆಟ್ಟವಳೆಂದುಕೊಳ್ಳಿ. ಆದರೆ ಯೋಚಿಸಿ. ಬೇರೆ ಆಸ್ಪತ್ರೆಗಳಲ್ಲಿ ಈ ಹಾಳೆಯ ನೆಪದಲ್ಲಾದರೂ ಸಿಸ್ಟರುಗಳು ದಿನಕ್ಕೊಮ್ಮೆ ರೋಗಿಯ ಮುಂದೆ ಕೂರುತ್ತಿದ್ದಾರೆ. ಮೊದಲು ಅದೂ ಇರಲಿಲ್ಲ. ಎಷ್ಟೋ ಕೈಗಳು ಉಳಿದಿರಬಹುದು. ಒಂದು ಕೈಗಾಗಿ ಅದನ್ನೆಲ್ಲಾ ಕೆಡವುತ್ತೀರಾ? ನಿಮ್ಮ ಕೈಯಾರೆ ಬೆಳೆಸಿದ್ದೀರಿ ನನ್ನನ್ನು.

ಪುಟ್ಟಿ


5 ಜನವರಿ 2003

ಪುಟ್ಟಿ,

ಒಂದು ಕೈ ಅಂತ ಬರೆದೆಯಲ್ಲೇ. ನನಗೆ ಅದನ್ನು ನುಂಗಲು ಆಗುತ್ತಿಲ್ಲ.

ಇವತ್ತು ಬೆಳಿಗ್ಗೆ ಹೇಳಿಕೆ ಕೊಟ್ಟು ಬಂದೆ. ನಿನ್ನ ಕಾಗದಗಳನ್ನು ಕೊಡಲಿಲ್ಲ. ಕೊಡಬೇಕಿತ್ತು, ಚೀಲದಲ್ಲಿ ಹಾಕಿಕೊಂಡೇ ಹೋಗಿದ್ದೆ. ಕೈ ಬರಲಿಲ್ಲ.

ಅತ್ತಿಗೆ


2 ಫೆಬ್ರವರಿ 2003

ಪ್ರೀತಿಯ ಅತ್ತಿಗೆ,

ಹೇಗೆ ಶುರು ಮಾಡಲಿ ಎಂದು ತಿಳಿಯದೆ ನಾಲ್ಕು ಹಾಳೆ ಹರಿದೆ. ನಿಮ್ಮ ಕೆಲಸ ಹೋದ ಸುದ್ದಿ ಅಣ್ಣ ಹೇಳಿದರು. ಅಣ್ಣ ಫೋನಿನಲ್ಲಿ ಅಷ್ಟು ಕಡಿಮೆ ಮಾತಾಡಿದ್ದನ್ನು ನಾನು ಕಂಡೇ ಇಲ್ಲ.

ನೀವು ಕಾಗದಗಳನ್ನು ಕೊಡದಿದ್ದುದಕ್ಕೆ ಜನ್ಮವಿಡೀ ಋಣಿ. ನಿಮ್ಮ ಹೇಳಿಕೆ ಬಂದ ಮೇಲೆ ಇಲ್ಲಿ ಸಭೆ ಸೇರಿದರು. ಏಳನೇ ವಾರ್ಡಿನವರು ನಿಯಮ ಮುರಿದಿದ್ದರಿಂದ ಆ ವಾರ್ಡಿನ ಅಂಕಗಳನ್ನು ಪೂರ್ತಿ ಕೈಬಿಡುವುದೆಂದು ತೀರ್ಮಾನವಾಯಿತು. ಉಳಿದ ಐದನ್ನು ಇಟ್ಟುಕೊಂಡು ಮತ್ತೆ ಲೆಕ್ಕ ಹಾಕಿದೆವು. ಪರಿಣಾಮ ಚಿಕ್ಕದಾಯಿತು, ಆದರೂ ನಿಂತಿತು! ಕಟ್ಟುವುದು ತಿಂಗಳಿಗೆ ಸರಾಸರಿ ಹತ್ತೊಂಬತ್ತು ಸಲದಿಂದ ಹದಿನಾರಕ್ಕೆ ಇಳಿದಿದೆ. ಒಂದು ಸಣ್ಣ ತಿದ್ದುಪಡಿ ಅಚ್ಚಾಗುತ್ತದೆ. ಹಾಳೆ ಉಳಿಯಿತು, ಆದೇಶವೂ ಹಾಗೇ ಇರುತ್ತದೆ. ನೀವು ಹೇಳಬೇಕಾದ್ದನ್ನು ಹೇಳಿದಿರಿ, ಯಾರ ಶ್ರಮವೂ ಹಾಳಾಗಲಿಲ್ಲ. ಒಂದು ರೀತಿಯಲ್ಲಿ ಇದೇ ಒಳ್ಳೆಯದಾಯಿತು ಅನಿಸುತ್ತದೆ.

ಮಾರ್ಚಿನಲ್ಲಿ ಹದಿನೈದು ದಿನ ರಜೆ ಇದೆ. ಮನೆಗೆ ಬರಲೇ? ನಿಮ್ಮ ಮಡಿಲಲ್ಲಿ ತಲೆಯಿಟ್ಟು ಅತ್ತುಬಿಡಬೇಕು ಅನಿಸುತ್ತಿದೆ.

ನಿಮ್ಮ ಪುಟ್ಟಿ


17 ಫೆಬ್ರವರಿ 2003

ಪುಟ್ಟಿ,

ನಿನ್ನ ಕಾಗದವನ್ನು ನಿಮ್ಮಣ್ಣನಿಗೆ ಗಟ್ಟಿಯಾಗಿ ಓದಿ ಹೇಳಿದೆ. "ನಿಂತಿತು" ಅನ್ನುವಲ್ಲಿಗೆ ಬಂದಾಗ ಎದ್ದು ಹೊರಗೆ ಹೋದರು.

ಉಳಿದ ಐದು ವಾರ್ಡುಗಳಲ್ಲಿ ಹಾಳೆ ತುಂಬಿಸಿದ್ದು ಯಾರನ್ನು ಕೇಳಿ ಅಂತ ವಿಚಾರಿಸಿದೆಯಾ? ಅಲ್ಲೂ ಆಯಮ್ಮಂದಿರಿದ್ದರು. ನೀನು ಕೇಳಲಿಲ್ಲ, ಕೇಳುವುದೂ ಇಲ್ಲ. ಸುಳ್ಳು ಹೇಳಿ ಸಿಕ್ಕಿಬಿದ್ದವರನ್ನು ನೋಡಿದ್ದೇನೆ. ನಿಜ ಹೇಳಿದ್ದಕ್ಕೆ ಲೆಕ್ಕದಿಂದಲೇ ಅಳಿಸಿ ಹಾಕುತ್ತಾರೆ ಅನ್ನುವುದು ಈಗ ಗೊತ್ತಾಯಿತು. ಸಿಟ್ಟು ನೆತ್ತಿಗೇರಿದೆ ಪುಟ್ಟಿ, ಮುಚ್ಚಿಡುವುದಿಲ್ಲ. ನಿನ್ನ ಮೇಲೆ ಎಷ್ಟೋ ನನ್ನ ಮೇಲೂ ಅಷ್ಟೇ. ಎಂಟು ತಿಂಗಳು ಖುಷಿಖುಷಿಯಾಗಿ ಅಂಕ ಹಾಕಿದವಳು ನಾನೇ ತಾನೆ?

ಮನೆಯ ಸುದ್ದಿ ಹೇಳುತ್ತೇನೆ. ಟೈಲರಿನ ಅಣ್ಣ ಅವಳನ್ನು ಕರೆದೊಯ್ಯುವುದಿಲ್ಲ ಅಂತ ಬರೆದುಕೊಟ್ಟ. "ಹೊಲಿಯೋಕೆ ಬರೋ ಹಾಗಿದ್ರೆ ನೋಡ್ಬಹುದಿತ್ತು ಮೇಡಂ" ಅಂದ, ತಲೆ ತಗ್ಗಿಸಿಕೊಂಡು. ಅವನ ಮೇಲೆ ಕಿರುಚಬೇಕು ಅಂತ ಬಾಯಿ ತೆರೆದೆ. ಯಾವ ಮುಖ ಇಟ್ಟುಕೊಂಡು ಕಿರುಚಲಿ? ಡಾಕ್ಟರ ಹತ್ತಿರ ಹೋಗಿ, ಇಬ್ಬರಿಂದ ಸಹಿ ಹಾಕಿಸಿ, ಹದಿನೈದು ದಿನದ ಹಿಂದೆ ನಾನೇ ಅವಳನ್ನು ಮನೆಗೆ ಕರೆದುಕೊಂಡು ಬಂದೆ. ನಿನ್ನ ಕೋಣೆಯಲ್ಲಿದ್ದಾಳೆ. ನಿನ್ನ ಪುಸ್ತಕಗಳನ್ನು ಅಟ್ಟಕ್ಕೆ ಹಾಕಿದ್ದೇವೆ. ನಿಮ್ಮಣ್ಣ ಮೊದಲ ದಿನ ಮುಖ ಊದಿಸಿಕೊಂಡಿದ್ದರು. ಎರಡನೇ ದಿನ ಬಚ್ಚಲಿನ ನಲ್ಲಿಗೆ ಉದ್ದ ಹಿಡಿ ಬೆಸುಗೆ ಹಾಕಿಸಿಕೊಂಡು ಬಂದರು, ಮೊಣಕೈಯಲ್ಲಿ ತಳ್ಳಿದರೆ ಸಾಕು. ಬೆರಳು ಇನ್ನೂ ಎದ್ದಿಲ್ಲ. ದಿನಾ ಎರಡು ಹೊತ್ತು ನಾನು ಎಣ್ಣೆ ಹಚ್ಚಿ ನೀವುತ್ತೇನೆ.

ನೀವುವಾಗಲೇ ಹೋದ ವಾರ ಹೇಳಿಬಿಟ್ಟೆ, ಅವತ್ತು ಕಟ್ಟಿದವಳು ನಾನು ಅಂತ. ಅವತ್ತು ಕೊಟ್ಟ ಔಷಧದ ಮಂಪರಿನಲ್ಲಿ ಅವಳಿಗೆ ಅದು ನೆನಪಿಲ್ಲ ಅಂದುಕೊಂಡಿದ್ದೆ. ಅವಳು ನಗಲಿಲ್ಲ, ಅಳಲೂ ಇಲ್ಲ. "ಗೊತ್ತು ಸಿಸ್ಟರ್. ಗಂಟು ನೋಡಿದ್ರೆ ಯಾರ ಕೈದು ಅಂತ ಗೊತ್ತಾಗಲ್ವಾ ನನಗೆ? ನಾನು ಟೈಲರ್" ಅಂದಳು. ಕೈ ಎಳೆದುಕೊಂಡಳು. ಎರಡು ದಿನ ನನ್ನ ಜೊತೆ ಮಾತಿಲ್ಲ, ನಾನು ಕಲಸಿಕೊಟ್ಟ ಅನ್ನ ಮುಟ್ಟಲಿಲ್ಲ, ನಿಮ್ಮಣ್ಣ ಕೊಟ್ಟರೆ ತಿಂದಳು. ಮೂರನೇ ದಿನ ತಾನೇ ಬಂದು ಕೈ ಮುಂದೆ ಚಾಚಿ ಕೂತಳು. ಕ್ಷಮಿಸಿದಳು ಅಂತ ನಾನು ಅಂದುಕೊಂಡಿಲ್ಲ. ಕೈ ನೀವಬೇಕಿತ್ತು, ನೀವಿದೆ.

ಆಗ ಅವಳು ಕೇಳಿದಳು, "ಆ ಹಾಳೇನ ಯಾರು ಮಾಡಿದ್ದು ಸಿಸ್ಟರ್? ಅವತ್ತು ನಂದು ಎರಡು ಅಂತ ಬರೆದ್ರಲ್ಲ, ಸುಳ್ಳು ಹೇಳ್ತಿದೀನಿ ಅಂತ ಆ ಹಾಳೆ ಮಾಡಿದೋರಿಗೆ ಗೊತ್ತಾಗ್ತಿರಲಿಲ್ವಾ?" ನಾನು ಹೇಳಲಿಲ್ಲ. ನನ್ನ ಪಾಲಿನದನ್ನು ನಾನು ಹೇಳಿ ಆಗಿದೆ. ಈ ಪ್ರಶ್ನೆಗೆ ಉತ್ತರ ಗೊತ್ತಿರುವವಳು ನೀನು.

ಮಾರ್ಚಿನಲ್ಲಿ ಬರಲೇ ಅಂತ ಕೇಳಿದ್ದೀಯ. ಬಾ. ಇದು ನಿನ್ನ ಮನೆ, ಬೇಡ ಅನ್ನಲು ನಾನ್ಯಾರು? ಅವಳು ನಡುಮನೆಯಲ್ಲಿ, ಬಾಗಿಲಿಗೆ ಎದುರಾಗಿ ಕೂತಿರುತ್ತಾಳೆ, ಎಡಗೈಯಲ್ಲಿ ಬರೆಯುವುದನ್ನು ಕಲಿಯುತ್ತಿದ್ದಾಳೆ. ಚಪ್ಪಲಿ ಬಿಟ್ಟು ಒಳಗೆ ಬಂದವಳು ಮೊದಲು ಅವಳ ಮುಂದೆ ಕೂತು, ನೀನು ಯಾರು ಅಂತ ಹೇಳು. ಹೇಳಲು ಆಗುವುದಿಲ್ಲ ಅನ್ನುವುದಾದರೆ ಬಸ್ಸು ಹತ್ತಬೇಡ.

ಅತ್ತಿಗೆ